ಸೇನಾಪತಿಯ ಪಾಲಿನ ಹಾಳೆಗಳು

ಮುದ್ರಣಾಲಯದ ಹಿಂಬದಿಯ ಬೈಂಡಿಂಗ್ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ಕೂತು ಹಾಳೆ ಮಡಿಸುತ್ತಿದ್ದ ಹೆಂಗಸರಷ್ಟು ಕಾದಂಬರಿಗಳ ಒಳಹೊರಗು ಬಲ್ಲವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಂತ ಅವರಲ್ಲಿ ಒಬ್ಬಳಾದರೂ ಒಂದು ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಾಳೆ ಎಂದುಕೊಂಡರೆ ತಪ್ಪಾಗುತ್ತದೆ. ಇದಕ್ಕೆ ಅವರನ್ನು ದೂರಬೇಕಾಗಿಲ್ಲ, ಕೆಲಸದ ರೀತಿಯೇ ಹಾಗೆ. ಮೆಷಿನ್ನಿನಿಂದ ಪುಸ್ತಕ ಪುಸ್ತಕವಾಗಿ ಹೊರಗೆ ಬರುವುದಿಲ್ಲ. ದೊಡ್ಡದೊಂದು ಹಾಳೆಯ ಮೇಲೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗಿ ಬರುತ್ತದೆ, ಅದನ್ನು ಫಾರಂ ಎನ್ನುತ್ತಾರೆ. ಬೆಳಿಗ್ಗೆ ಬಂದು ಕೂರುವಷ್ಟರಲ್ಲಿ ಒಬ್ಬೊಬ್ಬಳ ಜಾಗದಲ್ಲಿ ಒಂದೊಂದು ಫಾರಂನ ಕಟ್ಟು ಕಾದಿರುತ್ತದೆ. ಒಂದೇ ಹಾಳೆ, ರಾಶಿ ರಾಶಿ ಪ್ರತಿ. ಮೂಲೆಗೆ ಮೂಲೆ ಕೂಡಿಸಿ, ಮರದ ಪಟ್ಟಿಯಿಂದ ಮಡಿಕೆ ತೀಡಿ, ದಿನವಿಡೀ ಅದನ್ನೇ ಮಡಿಸಬೇಕು. ಕಟ್ಟಿನ ಮೇಲೊಂದು ಮಸಿ ಹರಡಿ ರದ್ದಾದ ಹಾಳೆ ಇರುತ್ತದಲ್ಲ, ಅದನ್ನು ಅಂಟಿನ ಡಬ್ಬಿಗೆ ಒರಗಿಸಿಕೊಂಡರೆ ಆಯಿತು. ಕೈ ತನ್ನ ಪಾಡಿಗೆ ಮಡಿಸುತ್ತದೆ, ಕಣ್ಣು ತನ್ನ ಪಾಡಿಗೆ ಓದುತ್ತದೆ.

ಹೀಗೆ ಒಬ್ಬೊಬ್ಬಳಿಗೂ ಕಥೆಯ ಒಂದೊಂದು ತುಂಡು ಮಾತ್ರ ಗೊತ್ತಾಗುತ್ತಿತ್ತು. ಊಟದ ಹೊತ್ತಿನಲ್ಲಿ ಬುತ್ತಿ ಬಿಚ್ಚಿಕೊಂಡು, ಫಾರಂನ ಅಂಕೆಯ ಪ್ರಕಾರ ಸರದಿಯಲ್ಲಿ ತಮ್ಮ ತಮ್ಮ ಪಾಲಿನ ಕಥೆ ಹೇಳಬೇಕು. ಇನ್ನೊಬ್ಬಳ ಪಾಲಿಗೆ ಯಾರೂ ಬಾಯಿ ಹಾಕಕೂಡದು. ಒಮ್ಮೆ ಯುವರಾಜನಿಗೆ ವಿಷವಿಟ್ಟವರು ಯಾರೆಂದು ಹೇಳಬೇಕಾಗಿದ್ದವಳೇ ಜ್ವರ ಬಂದು ಮಲಗಿಬಿಟ್ಟಳು. ಅವಳ ಕಟ್ಟು ಮೇಜಿನ ಮೇಲೇ ಬಿದ್ದಿತ್ತು, ಯಾರು ಬೇಕಾದರೂ ಎತ್ತಿ ಓದಬಹುದಿತ್ತು. ಆದರೆ ನಿಯಮ ನಿಯಮವೇ. ಸಂಜೆ ಇಡೀ ಮೇಜು ಗುಂಪು ಕಟ್ಟಿಕೊಂಡು ಅವಳ ಮನೆಗೆ ಹೋಯಿತು. ಅವಳ ಗಂಡ ಪಾಪ, ಇದೆಲ್ಲ ಹೆಂಡತಿಯ ಮೇಲಿನ ಅಕ್ಕರೆ ಎಂದುಕೊಂಡು ಕಣ್ಣು ಒರೆಸಿಕೊಂಡನಂತೆ.

ಆ ಮುದ್ರಣಾಲಯದಿಂದ ಹೊರಬೀಳುತ್ತಿದ್ದದ್ದೆಲ್ಲ ಒಂದೇ ಜಾತಿಯ ಸರಕು: ಅರಮನೆ, ಗೂಢಚಾರರು, ನಡುನಡುವೆ ಪ್ರೇಮ. ಯಜಮಾನರು ಒಬ್ಬ ಕಾದಂಬರಿಕಾರರನ್ನು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಅದನ್ನೇ ಬರೆಸುತ್ತಿದ್ದರು. ಜನ ಅದನ್ನೇ ಕೊಳ್ಳುತ್ತಿದ್ದರು, ಅವರು ಅದನ್ನೇ ಅಚ್ಚು ಹಾಕುತ್ತಿದ್ದರು, ಯಾರಿಗೂ ತಕರಾರಿರಲಿಲ್ಲ.

ತಕರಾರಿದ್ದದ್ದು ಸೇನಾಪತಿಗೆ ಮಾತ್ರ. ಮೇಜಿನ ತುದಿಯಲ್ಲಿ, ಮೆಷಿನ್ ಕೋಣೆಯ ಬಾಗಿಲಿಗೆ ಎದುರಾಗಿ ಕೂರುತ್ತಿದ್ದ ಹೆಂಗಸಿಗೆ ಆ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಕೋಟೆಗೆ ಏಣಿ ಹಾಕುವುದು, ಸುರಂಗ ತೋಡುವುದು, ಮಾರುವೇಷದಲ್ಲಿ ಶತ್ರುಪಾಳೆಯ ಹೊಕ್ಕು ನಕ್ಷೆ ಕದಿಯುವುದು ಎಂದರೆ ಅವಳಿಗೆ ಪ್ರಾಣ. ದನಿಯೂ ಹಾಗೇ ಇತ್ತು, ನೀರು ಕೊಡಿ ಎಂದು ಕೇಳಿದರೂ ಅಪ್ಪಣೆ ಕೊಡಿಸಿದ ಹಾಗೆ ಕೇಳಿಸುತ್ತಿತ್ತು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಆಗಬೇಕಾಗಿದ್ದ ವಯಸ್ಸಿನಲ್ಲಿ ಅಪ್ಪ ಹಾಸಿಗೆ ಹಿಡಿದರು, ಆಮೇಲೆ ಅಣ್ಣ ತೀರಿಕೊಂಡ, ಆಮೇಲೆ ಕೇಳುವವರೇ ಇರಲಿಲ್ಲ. ಅಣ್ಣನ ಹೆಂಡತಿಯೂ ಅವಳೂ ಒಂದೇ ಸೂರಿನಡಿ, ಒಂದೇ ಒಲೆಯ ಮೇಲೆ ಬೇಯಿಸಿಕೊಂಡು, ಮೇಜಿನಲ್ಲೂ ಪಕ್ಕಪಕ್ಕದಲ್ಲೇ ಕೂತು ದಿನ ಕಳೆಯುತ್ತಿದ್ದರು. ಮನೆಯಲ್ಲಿ ಆಡಿ ಮುಗಿಯದ ಜಗಳವನ್ನು ಇಲ್ಲಿ ಮುಂದುವರಿಸುವುದಕ್ಕೆ ಇದರಿಂದ ಬಹಳ ಅನುಕೂಲವಾಗುತ್ತಿತ್ತು.

ತಕರಾರು ಏನೆಂದರೆ, ಯುದ್ಧವೆಂದರೆ ಬಾಯಿಬಾಯಿ ಬಿಡುವ ಸೇನಾಪತಿಯ ಪಾಲಿಗೇ ಪ್ರತಿ ಸಲವೂ ಪ್ರೇಮದ ಫಾರಂ ಬಂದು ಕೂರುತ್ತಿತ್ತು. ಬೇರೆಯವರ ಹಾಳೆಯಲ್ಲಿ ಕತ್ತಿ ಖಣಿಲು ಖಣಿಲು ಎನ್ನುವಾಗ ಅವಳದರಲ್ಲಿ ಯಾವಳೋ ರಾಜಕುಮಾರಿ ಕಿಟಕಿಗೆ ಒರಗಿ ಹದಿನಾರು ಪುಟ ನಿಟ್ಟುಸಿರು ಬಿಡುತ್ತಿದ್ದಳು.

"ಊಟಕ್ಕೆ ಊಟ ಇದೆ, ಮಲಗೋಕೆ ಹಂಸತೂಲಿಕಾ ತಲ್ಪ ಇದೆ, ಇವಳಿಗೆ ಬಂದಿರೋ ರೋಗ ಏನು?" ಎಂದು ಗೊಣಗುತ್ತ ಸೇನಾಪತಿ ಆ ಭಾರದ ಕಟ್ಟನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ಅತ್ತಿಗೆ ತನ್ನ ಯುದ್ಧದ ಕಟ್ಟನ್ನು ಈ ಕಡೆಗೆ ತಳ್ಳಿ, ಪ್ರೇಮದ್ದನ್ನು ಎರಡೂ ಕೈ ಚಾಚಿ ಬರಮಾಡಿಕೊಳ್ಳುತ್ತಿದ್ದಳು. ಅತ್ತಿಗೆ ಓದುತ್ತ ಓದುತ್ತ ಕೆಂಪಾಗುವುದನ್ನು ನೋಡುವುದೇ ಉಳಿದವರಿಗೆ ಒಂದು ಮನರಂಜನೆ. ಈ ಅದಲುಬದಲು ವರ್ಷಗಳಿಂದ ನಡೆದುಬಂದಿತ್ತು.

ಕಟ್ಟುಗಳನ್ನು ಯಾರ ಜಾಗಕ್ಕೆ ಯಾವುದು ಎಂದು ಇಡುತ್ತಿದ್ದವನು ಮೆಷಿನ್ನಿನವನು. ಹೆಂಗಸರು ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಅವನಿಗೆ ಮಾತು ಬಾರದೆ ಇರಲಿಲ್ಲ. ಆ ಮೆಷಿನ್ನಿನ ಗದ್ದಲದಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಯಾವತ್ತೋ ಮನಗಂಡು, ಆಮೇಲೆ ಹೊರಗೂ ಅದೇ ಅಭ್ಯಾಸ ಮುಂದುವರಿಸಿದ್ದ, ಅಷ್ಟೆ. ತಂಗಿಯರಿಗೆಲ್ಲ ಮದುವೆ ಮಾಡುತ್ತ ಮಾಡುತ್ತ ತನ್ನದನ್ನು ಮರೆತೇಬಿಟ್ಟಿದ್ದ ಮನುಷ್ಯ.

ಒಂದು ದಿನ ಕುದಿಯುವ ಅಂಟು ಉಕ್ಕಿ ಸೇನಾಪತಿಯ ಕೈ ಮೇಲೆ ಬಿತ್ತು. ಮೇಜಿನ ಸುತ್ತ ಎಲ್ಲರೂ ಕೂಗಾಡುತ್ತಿರುವಾಗ ಮೌನಿ ಬಂದು, ಅವಳ ಮುಂಗೈಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಉರಿ ಇಳಿಯುವವರೆಗೆ ಹಾಗೇ ಹಿಡಿದುಕೊಂಡಿದ್ದ. ಒಂದು ಮಾತಿಲ್ಲ. ಮಾರನೆಯ ದಿನ ಅಂಟಿನ ಪಾತ್ರೆಯ ಹಿಡಿಗೆ ದಪ್ಪ ಬಟ್ಟೆ ಸುತ್ತಿತ್ತು. ಸುಟ್ಟಗಾಯ ವಾರದಲ್ಲಿ ಮಾಯಿತು, ಆದರೆ ಸೇನಾಪತಿ ಮಾತ್ರ ಆವತ್ತಿನಿಂದ ಸರಿಹೋಗಲಿಲ್ಲ. ಮೆಷಿನ್ ಕೋಣೆಯ ಬಾಗಿಲು ಕಾಣುವ ಆ ಜಾಗವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡು, ಹಾಕಿಕೊಳ್ಳುತ್ತಲೇ ಕಣ್ಣೆತ್ತಿ ಬಾಗಿಲ ಕಡೆ ನೋಡುತ್ತಿದ್ದಳು. ಅವನಂತೂ ಒಂದು ದಿನವೂ ಹತ್ತಿರ ಬಂದು ಮಾತಾಡಿದವನಲ್ಲ. ಅವನಿಗೆ ತನ್ನ ಮೇಲೆ ಏನೂ ಇಲ್ಲವೆಂದು ಅವಳು ತೀರ್ಮಾನಿಸಿ, ಆ ದುಃಖವನ್ನು ಕೋಟೆ ಮುತ್ತಿಗೆಗಳಲ್ಲಿ ಮರೆಯುತ್ತಿದ್ದಳು.

ಈ ಸಲದ ಕಾದಂಬರಿ ಮಹಾರಾಣಿಗೆ ಅತ್ತರು ಮಾಡಿಕೊಡುವವಳದು. ನಿಜಕ್ಕೂ ಅವಳು ಶತ್ರುರಾಜನ ಗೂಢಚಾರಿಣಿ. ಕೋಟೆಯ ಮೇಲೆ ನಿಂತು ಗಾಳಿಗೆ ಮಲ್ಲಿಗೆಯ ಪರಿಮಳ ಬಿಟ್ಟರೆ ಸೈನ್ಯ ಉತ್ತರಕ್ಕೆ ಹೊರಟಿದೆ ಎಂದರ್ಥ, ಗಂಧದ್ದು ಬಿಟ್ಟರೆ ದಕ್ಷಿಣಕ್ಕೆ. ಕೆಳಗೆ ಪೊದೆಯಲ್ಲಿ ಅವಿತು ಮೂಸಿ ನೋಡಬೇಕಾದವನು ಅವಳ ಪ್ರಿಯಕರ, ಒಬ್ಬ ಕತ್ತಿವರಸೆಯ ವೀರ.

"ನನ್ನ ಫಾರಂನಲ್ಲಿ ಅವನಿಗೆ ನೆಗಡಿ," ಎಂದಳು ಒಬ್ಬಳು ಊಟದ ಹೊತ್ತಿನಲ್ಲಿ.

ಎಲ್ಲರ ತುತ್ತೂ ಬಾಯಿಯ ಹತ್ತಿರ ನಿಂತಿತು.

"ಯುದ್ಧದ ಹಿಂದಿನ ದಿನವೇ?"

"ಹೂಂ. ಮೂಗು ಕಟ್ಟಿ ಹೋಗಿದೆ. ಮುಂದೆ ನನಗೆ ಗೊತ್ತಿಲ್ಲ, ಅಲ್ಲಿಗೇ ನನ್ನ ಹಾಳೆ ಮುಗೀತು."

ಅದೇ ಹೊತ್ತಿಗೆ ಯಜಮಾನರು ಒಳಗೆ ಬಂದರು. ಸಾಮಾನ್ಯವಾಗಿ ಅವರು ಬರುತ್ತಿದ್ದದ್ದು ಬೈಯುವುದಕ್ಕೆ. ಈವತ್ತು ಮಾತ್ರ ಮುಖದಲ್ಲಿ ಏನೋ ನಾಚಿಕೆ. ಕಾಗದದ ಮೂಟೆಯೊಂದರ ಮೇಲೆ ಕೂತು ಎರಡು ಸಲ ಕೆಮ್ಮಿ, ಅತ್ತಿಗೆಯ ಕಡೆ ತಿರುಗಿದರು.

"ನೋಡಮ್ಮ, ಇದು ನನ್ನ ಕೆಲಸ ಅಲ್ಲ. ಆದ್ರೆ ಮನುಷ್ಯ ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಹತ್ರ ಬಾಯಿ ಬಿಟ್ಟಿದಾನೆ, ಇಲ್ಲ ಅನ್ನೋಕೆ ಆಗಲಿಲ್ಲ. ಮೆಷಿನ್ನಿನವನು ನಿನ್ನನ್ನ ಮದುವೆ ಆಗೋಕೆ ಕೇಳ್ತಿದಾನೆ. ಯೋಚನೆ ಮಾಡಿ ಹೇಳು, ಅವಸರ ಇಲ್ಲ. ಆದ್ರೆ ಈ ಪುಸ್ತಕ ಶುಕ್ರವಾರ ಹೊರಗೆ ಹೋಗಬೇಕು, ಅದು ನೆನಪಿರಲಿ."

ಹೇಳಿ ಎದ್ದು ಹೋದರು. ಅತ್ತಿಗೆ ಬೆಪ್ಪಾಗಿ ಕೂತಳು. "ನನ್ನನ್ನಾ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಕೂದಲು ಸರಿಮಾಡಿಕೊಂಡು ಇನ್ನೊಮ್ಮೆ "ನನ್ನನ್ನಾ?" ಎಂದಳು. ಎರಡನೆಯ ಸಲದ್ದರಲ್ಲಿ ಮೊದಲಿನಷ್ಟು ಆಶ್ಚರ್ಯವಿರಲಿಲ್ಲ.

ಕೋಟೆ ಬೀಳುವಾಗಲೂ ಬಾವುಟ ಹಿಡಿದು ನಿಲ್ಲುವ ಜಾತಿ ಸೇನಾಪತಿಯದು. "ಒಪ್ಪಿಕೋ ಅತ್ತಿಗೆ," ಎಂದಳು, ದೊಡ್ಡ ದನಿಯಲ್ಲಿ. "ಒಳ್ಳೇ ಮನುಷ್ಯ. ನಿನಗೂ ಒಂದು ದಿಕ್ಕಾಗತ್ತೆ."

ಅಂದು ಮನೆಯಲ್ಲಿ ಅತ್ತಿಗೆ ಒಲೆಯ ಮುಂದೆ ಕೂತು ಮಾತಾಡಿಯೇ ಆಡಿದಳು. ತನಗೆ ಮತ್ತೆ ಮದುವೆಯ ಆಸೆಯೇನೂ ಇಲ್ಲ, ಒಬ್ಬ ಗಂಡಸಿನ ಗೊರಕೆ ಕೇಳಿದ್ದೇ ಈ ಜನ್ಮಕ್ಕೆ ಸಾಕು. ಆದರೂ ಯಾರೋ ಒಬ್ಬರು ಕೇಳಿದರಲ್ಲ, ಅದು ಹೆಚ್ಚಲ್ಲವೇ. ಆ ಮನುಷ್ಯ ಗೊರಕೆ ಹೊಡೆಯುವ ಪೈಕಿ ಕಾಣುವುದಿಲ್ಲ, ಅಲ್ಲವೇ? ಸೇನಾಪತಿ ಹೂಂಗುಟ್ಟುತ್ತ ಪಾತ್ರೆ ತಿಕ್ಕಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು.

ಮಾರನೆಯ ಬೆಳಿಗ್ಗೆ ಮೇಜಿಗೆ ಬಂದು ನೋಡಿದರೆ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಪ್ರೇಮದ ಕಟ್ಟು ನೇರವಾಗಿ ಅತ್ತಿಗೆಯ ಜಾಗದಲ್ಲಿತ್ತು. ಸೇನಾಪತಿಯ ಜಾಗದಲ್ಲಿ ಆನೆ, ಕುದುರೆ, ಬೆಂಕಿಯ ಬಾಣ, ನೆಗಡಿಯ ವೀರ ತಪ್ಪು ದಿಕ್ಕಿಗೆ ಸೈನ್ಯ ನಡೆಸಿ ಆದ ಮಹಾಯುದ್ಧ. ಯಾರೊಂದಿಗೂ ಅದಲುಬದಲು ಮಾಡಬೇಕಾಗಿರಲಿಲ್ಲ, ಬೇಡಿದ್ದೇ ಬಂದಿತ್ತು. ಅವಳು ಮೊದಲ ಸಾಲನ್ನೇ ಓದಿ ಓದಿ ಮುಂದೆ ಹೋಗಲಾರದೆ ಹೋದಳು. ಊಟದ ಹೊತ್ತಿನಲ್ಲಿ ಅವಳ ಸರದಿ ಬಂದಾಗ, "ಯುದ್ಧ ಆಯ್ತು. ತುಂಬ ಜನ ಸತ್ತರು," ಎಂದು ಮುಗಿಸಿಬಿಟ್ಟಳು. ಮೇಜಿನವರಿಗೆ ಅವಳ ಮುಖ ನೋಡಿ ಎದುರಾಡುವ ಧೈರ್ಯ ಬರಲಿಲ್ಲ.

ಅತ್ತಿಗೆಯ ಕಣ್ಣು ಮಾತ್ರ ನಾದಿನಿಯ ಮುಂದಿನ ಮಡಿಸಿದ ಹಾಳೆಗಳ ಮೇಲೆ ಬಿತ್ತು. ಎಲ್ಲವೂ ಸೊಟ್ಟ. ಮೂಲೆಗೂ ಮೂಲೆಗೂ ಸಂಬಂಧವಿಲ್ಲ. ಅಣ್ಣ ಸತ್ತ ವಾರದಲ್ಲೂ ನೆಟ್ಟಗೆ ಮಡಿಸಿದ್ದ ಕೈ ಅದು. ಅತ್ತಿಗೆ ಹಾಳೆಯನ್ನು ನೋಡಿದಳು, ನಾದಿನಿಯ ಮುಖ ನೋಡಿದಳು, ಆ ಕಣ್ಣು ಹೋಗಿ ಹೋಗಿ ಬರುತ್ತಿದ್ದ ಬಾಗಿಲನ್ನು ನೋಡಿದಳು. ಅವಳಿಗೆ ಎಲ್ಲವೂ ಹೊಳೆಯಿತು. ತಟ್ಟನೆ ಎದ್ದು ಮೆಷಿನ್ ಕೋಣೆಗೆ ಹೋದಳು.

ತಿರುಗಿ ಬಂದಾಗ ಅವಳ ಮುಖ ನೋಡುವ ಹಾಗಿತ್ತು. ಸೇನಾಪತಿಯ ರಟ್ಟೆ ಹಿಡಿದು ಕಾಗದ ತುಂಬಿದ ಗೋದಾಮಿಗೆ ಎಳೆದುಕೊಂಡು ಹೋದಳು.

"ಯಾಕಪ್ಪಾ ನನ್ನನ್ನ ಕೇಳಿದೆ ಅಂತ ಅವನನ್ನೇ ಕೇಳಿದೆ. ಏನಂದ ಗೊತ್ತಾ? ಇಷ್ಟು ವರ್ಷ ಪ್ರೇಮದ ಫಾರಂನ ಆರಿಸಿ ಆರಿಸಿ ನಿನ್ನ ಜಾಗದಲ್ಲಿ ಇಡ್ತಿದ್ದನಂತೆ. ಅದು ಅವನು ನಿನಗೆ ಹೇಳ್ತಿದ್ದ ಮಾತಂತೆ. ನೀನು ಅದನ್ನ ಪ್ರತಿ ಸಲ ಎತ್ತಿ ನನ್ನ ಕಡೆ ತಳ್ಳಿದೆ. ನಾನು ಓದಿ ಕೆಂಪಾದೆ. ಅವನು ಬಾಗಿಲಲ್ಲಿ ನಿಂತು ನೋಡಿದ."

"ನೋಡಿ?"

"ನೀನು ಉತ್ತರ ಕೊಟ್ಟೆ ಅಂದ್ಕೊಂಡ. ನನಗೆ ಬೇಡ, ಅತ್ತಿಗೆಗೆ ಆಸೆ ಇದೆ, ಅವಳನ್ನ ಕೇಳು ಅಂತ. ಹಗಲೂ ರಾತ್ರಿ ಗೂಢಚಾರರ ಕಥೆ ಅಚ್ಚು ಹಾಕಿದ್ರೆ ತಲೆ ಹೀಗೇ ಆಗತ್ತೆ. ಮನಸ್ಸು ಗಟ್ಟಿ ಮಾಡ್ಕೊಂಡು, ನಿನ್ನ ಮಾತು ಮೀರಬಾರದು ಅಂತ, ನನ್ನನ್ನ ಕೇಳಿದಾನೆ."

ಸೇನಾಪತಿ ತಿರುಗಿ ಮೆಷಿನ್ ಕೋಣೆಯ ಕಡೆ ನೋಡಿದಳು.

"ಆ ನೆಗಡಿಯವನನ್ನ ನಿನ್ನೆಯಿಂದ ಎಲ್ಲರೂ ಬೈದಿದ್ದೇ ಬೈದಿದ್ದು," ಎಂದಳು ಅತ್ತಿಗೆ. "ಅವನಿಗಿಂತ ನಿನ್ನ ಮೂಗೇ ಹೆಚ್ಚು ಕಟ್ಟಿದೆ."

ಆಮೇಲೆ ಅತ್ತಿಗೆ ಒಂದು ಮೂಟೆಯ ಮೇಲೆ ಕೂತಳು. ದನಿ ಸಣ್ಣದಾಯಿತು. "ಒಂದೇ ಒಂದು ದಿನ ನನ್ನನ್ನೂ ಯಾರೋ ಕೇಳಿದ್ರು ಅಂತ ಇದ್ದೆ. ನಿನ್ನೆ ಕನ್ನಡಿ ಬೇರೆ ನೋಡ್ಕೊಂಡೆ. ಅದೂ ನಿನ್ನ ಬಾಬತ್ತೇ ಆಯ್ತು ನೋಡು." ನಗುತ್ತಲೇ ಹೇಳಿದಳು, ಆದರೆ ಅವಳಿಗೆ ನೋವಾಗಿತ್ತು. ಸೇನಾಪತಿಗೆ ಅದು ಕಂಡಿತು. ಪಕ್ಕದಲ್ಲಿ ಕೂತು ಅತ್ತಿಗೆಯ ಕೈ ಹಿಡಿದುಕೊಂಡಳು. ಅಂಥದ್ದೆಲ್ಲ ಅವಳಿಗೆ ಅಭ್ಯಾಸವಿಲ್ಲದ್ದರಿಂದ ಹಿಡಿತ ಸ್ವಲ್ಪ ಜೋರಾಗಿಯೇ ಬಿದ್ದಿತು.

"ಬಿಡೇ, ಮೂಳೆ ಮುರಿಯತ್ತೆ. ಹೋಗು, ಹೋಗಿ ಅವನಿಗೆ ಹೇಳು."

ಹೇಳುವುದು ಹೇಗೆ? ಕೋಟೆ ಗೆಲ್ಲುವ ಉಪಾಯ ಹತ್ತಾರು ಬಲ್ಲವಳಿಗೆ ಇದೊಂದು ಗೊತ್ತಿರಲಿಲ್ಲ. ಕೊನೆಗೆ, ಅವನ ಭಾಷೆಯಲ್ಲೇ ಉತ್ತರ ಕೊಟ್ಟರಾಯಿತು ಎಂದುಕೊಂಡಳು. ಮೇಜಿಗೆ ಬಂದು, ಮೌನಿ ಬಾಗಿಲಿಗೆ ಬರುವುದನ್ನೇ ಕಾದು, ಅವನಿಗೆ ಕಾಣುವ ಹಾಗೆ ಪ್ರೇಮದ ಕಟ್ಟನ್ನು ಅತ್ತಿಗೆಯ ಕಡೆಯಿಂದ ತನ್ನ ಕಡೆಗೆ ಎಳೆದುಕೊಂಡಳು. ಹಾಳೆಯನ್ನು ಅಂಟಿನ ಡಬ್ಬಿಗೆ ಒರಗಿಸಿ, ಮುಖವನ್ನು ಆದಷ್ಟು ಮೃದುಮಾಡಿಕೊಂಡು ಓದತೊಡಗಿದಳು. ಮೌನಿ ನಿಂತಲ್ಲೇ ನಿಂತ. ಅವನ ಕೈಯಲ್ಲಿದ್ದ ಮಸಿ ಒರೆಸುವ ಬಟ್ಟೆಯೂ ನಿಂತಿತು.

ಎರಡು ಪುಟ ಅವಳು ಹಲ್ಲು ಕಚ್ಚಿ ದಾಟಿದಳು. ಮೂರನೆಯದರಲ್ಲಿ ವೀರ ಅತ್ತರಿನವಳ ಮುಂದೆ ಮಂಡಿಯೂರಿ, ನಿನ್ನ ಕಣ್ಣು ದೀಪ, ನಾನು ಪತಂಗ ಎಂದು ಶುರುಮಾಡಿ, ಸರಿಯಾಗಿ ಪತಂಗದ ಹತ್ತಿರ ಬಂದಾಗ ಸೀನಿದ. ಕಾದಂಬರಿಕಾರರು ಅದನ್ನು ಬಹಳ ದುಃಖದಿಂದ ಬರೆದಿದ್ದರು. ಸೇನಾಪತಿ ತಡೆಯುವಷ್ಟು ತಡೆದಳು. ಆಮೇಲೆ ಮೇಜು ಅಲ್ಲಾಡುವಂತೆ ಬಿದ್ದೂ ಬಿದ್ದೂ ನಕ್ಕಳು. ಕಣ್ಣೀರು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಮೌನಿಯ ಮುಖ ಕಪ್ಪಿಟ್ಟು, ಬಾಗಿಲು ಮುಚ್ಚಿತ್ತು. ಒಳಗೆ ಮೆಷಿನ್ ಶುರುವಾಯಿತು.

"ಮುಗೀತು," ಎಂದಳು ಅತ್ತಿಗೆ. "ಈಗ ಅವನು ಊರು ಬಿಡ್ತಾನೆ."

ಸೇನಾಪತಿ ಎದ್ದಳು. ಈ ಸಂಕೇತ, ಈ ಸನ್ನೆ, ಗಾಳಿಗೆ ಬಿಡುವ ಪರಿಮಳ, ಯಾವುದೂ ತನ್ನ ಕೈಲಾಗುವ ಕೆಲಸವಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು. ಬಾಗಿಲು ತಳ್ಳಿಕೊಂಡು ನೇರ ಒಳಗೆ ಹೋಗಿ, ಮೌನಿಯ ಹೊರತು ಯಾರೂ ಮುಟ್ಟದ ಆ ಕೆಂಪು ಸ್ವಿಚ್ಚನ್ನು ತಾನೇ ಒತ್ತಿದಳು. ಮೆಷಿನ್ ಗೊರಗೊರ ಎಂದು ನಿಂತಿತು. ಮೌನಿ ಕಣ್ಣು ಬಾಯಿ ಬಿಟ್ಟು ನೋಡಿದ.

"ನನಗೆ ಪ್ರೇಮದ ಫಾರಂ ಓದೋಕೆ ಆಗಲ್ಲ," ಎಂದಳು. "ಯಾವತ್ತೂ ಆಗಿಲ್ಲ. ಅದಕ್ಕೇ ಅತ್ತಿಗೆಗೆ ಕೊಡ್ತಿದ್ದೆ. ನೀವು ಬೇಡ ಅಂತ ಅಲ್ಲ. ನೀವು ಬೇಕು. ಆ ಹಾಳೆಗಳು ಬೇಡ."

ಮೌನಿ ಬಟ್ಟೆಯಿಂದ ಕೈ ಒರೆಸಿಕೊಂಡ. ಕೈ ಇನ್ನಷ್ಟು ಮಸಿಯಾಯಿತು.

"ನೀವಾದ್ರೂ ಓದಿದೀರಾ ಅದನ್ನ?" ಎಂದಳು.

ಅವನು ತಲೆಯಾಡಿಸಿದ. ಗಂಟಲು ಸರಿಮಾಡಿಕೊಂಡು, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆಯುವ ಹಾಗೆ ಬಾಯಿ ತೆರೆದ.

"ಇಲ್ಲ. ಶುರು ಮಾಡಿದ್ದೆ. ಆಗಲಿಲ್ಲ. ನನಗೆ ಯುದ್ಧದ್ದೇ ಇಷ್ಟ."

"ಮತ್ತೆ ಓದದೇ ಇದ್ರೆ ಪ್ರೇಮದ್ದು ಯಾವುದು ಅಂತ ಹೇಗೆ ಗೊತ್ತಾಗ್ತಿತ್ತು?"

"ಚುಕ್ಕಿ ಜಾಸ್ತಿ ಇರತ್ತೆ. ಒಂದೊಂದು ಮಾತಿಗೂ ಮೂರು ಚುಕ್ಕಿ. ದೂರದಿಂದಲೇ ಕಾಣತ್ತೆ."

"ನಿಮಗೇ ಓದೋಕೆ ಆಗದ್ದನ್ನ ನನಗೆ ಯಾಕೆ ಇಟ್ರಿ?"

"ಹೆಂಗಸರಿಗೆ ಅದೇ ಇಷ್ಟ ಅಂತ ಕಾದಂಬರಿಕಾರರು ಹೇಳಿದ್ರು."

"ಅವರಿಗೆ ಮದುವೆ ಆಗಿದೆಯಾ?"

ಮೌನಿ ಯೋಚಿಸಿದ. "ಇಲ್ಲ. ಅಮ್ಮನ ಜೊತೆ ಇದಾರೆ."

ಇಷ್ಟು ವರ್ಷ ಒಂದು ಬಾಗಿಲಿನ ಆಚೆ ಈಚೆ ಇದ್ದುಕೊಂಡು, ಇಬ್ಬರಿಗೂ ಬೇಡವಾದ ಹಾಳೆಗಳನ್ನು ಅತ್ತ ಇತ್ತ ತಳ್ಳಿದ್ದು ನೆನೆದು ಸೇನಾಪತಿಗೆ ಅಳು ಬಂತು. ತಡೆದುಕೊಂಡಳು. ದನಿ ಮಾತ್ರ ತನ್ನಷ್ಟಕ್ಕೆ ಹಳೆಯ ಅಪ್ಪಣೆಯ ದನಿಯಾಯಿತು.

"ಹಾಗಾದ್ರೆ ಕೇಳಿ. ಯಜಮಾನರ ಕೈಲಿ ಅಲ್ಲ, ಕಟ್ಟಿನ ಮೇಲೆ ಅಲ್ಲ. ಬಾಯಲ್ಲಿ, ನನ್ನನ್ನೇ ಕೇಳಿ."

ಮೌನಿ ಕೇಳಿದ. "ನನ್ನನ್ನ ಮದುವೆ ಆಗ್ತೀರಾ?" ಎಂದು, ಮೆಷಿನ್ ಇನ್ನೂ ಓಡುತ್ತಿದೆಯೇನೋ ಎಂಬಷ್ಟು ಜೋರಾಗಿ. ಆಚೆ ಮೇಜಿನ ಸುತ್ತ ಆಗಲೇ ಒಂದು ಹಾಳೆಯೂ ಮಡಿಕೆಯಾಗುತ್ತಿರಲಿಲ್ಲ.

"ಅತ್ತಿಗೆ ನನ್ನ ಜೊತೆ ಬರ್ತಾಳೆ," ಎಂದಳು ಸೇನಾಪತಿ. "ಅವಳನ್ನ ಒಬ್ಬಳನ್ನೇ ಬಿಟ್ಟು ನಾನು ಎಲ್ಲಿಗೂ ಬರಲ್ಲ. ಇದು ಮೊದಲೇ ಗೊತ್ತಿರಲಿ."

"ಬರಲೇಬೇಕು," ಎಂದ ಮೌನಿ. "ಆ ಪ್ರೇಮದ್ದನ್ನ ಓದಿ ಹೇಳೋರು ಮನೇಲಿ ಒಬ್ಬರಾದ್ರೂ ಬೇಕಲ್ಲ."

ಸೇನಾಪತಿ "ಹೂಂ" ಎಂದಳು, ಅವಳಿಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಮೇಜಿನ ಕಡೆಯಿಂದ ಅತ್ತಿಗೆ ಮೂಗು ಸೀಟಿಕೊಂಡ ಸದ್ದು ಕೇಳಿಸಿತು.